ಬೆನ್ನಿಗೆ ಬೀಸಿದ ಗಾಳಿ

ಆಗಸ್ಟ್ ಕೊನೆಯ ಒಂದು ಶನಿವಾರ, ಬೆಳಕು ಹರಿಯುವ ಹೊತ್ತಿಗೆ ಬ್ಯೂಮಾಂಟ್‌ನ ನಮ್ಮ ಮನೆಯಿಂದ ಹೊರಟೆವು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಐರ್ಲೆಂಡಿನಲ್ಲಿ ಬೆಳಗ್ಗೆ ಅಷ್ಟು ಶುಭ್ರವಾಗಿದ್ದರೆ ನನಗೆ ಯಾಕೋ ಸಮಾಧಾನವಿರುವುದಿಲ್ಲ. ಪುಳಿಯೋಗರೆ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ, ಎರಡು ರೇನ್‌ಕೋಟು ಇಟ್ಟುಕೊಂಡೆ. ಮೂರನೆಯದನ್ನೂ ಇಡಲು ಹೋದಾಗ ನನ್ನ ಗಂಡ ಪೊನ್ನಪ್ಪ ನಕ್ಕರು.

ಅವರು ಕೊಡಗಿನವರು. ವಾರವಿಡೀ ಸ್ಯಾಂಡಿಫರ್ಡ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಈ ವರ್ಷ ಜಿಂಕೆ ಬೇಟೆಯ ಲೈಸೆನ್ಸ್ ಪಡೆದಿದ್ದರು. ಸೀಸನ್ ಸೆಪ್ಟೆಂಬರಿಗೆ ಶುರು. ಅದಕ್ಕೂ ಮೊದಲು ಕೋವಿ ಇಲ್ಲದೆ, ಬರೀ ಬೈನಾಕ್ಯುಲರ್ ಹಿಡಿದು, ಜಿಂಕೆಗಳು ಎಲ್ಲಿ ಮೇಯುತ್ತವೆ, ಎಲ್ಲಿ ಮಲಗುತ್ತವೆ ಎಂದು ನೋಡಿಕೊಂಡು ಬರಬೇಕು. ಇದಕ್ಕೆ ಇಲ್ಲಿ ಸ್ಕೌಟಿಂಗ್ ಅನ್ನುತ್ತಾರೆ. ನಾನು ಮೈಸೂರಿನವಳು, ನರ್ಸ್, ಹುಟ್ಟಾ ಪುಕ್ಕಲಿ. ಅವರೊಬ್ಬರನ್ನೇ ಬೆಟ್ಟಕ್ಕೆ ಕಳಿಸಿ ಮನೆಯಲ್ಲಿ ಕೂತು ಹೆದರುವುದಕ್ಕಿಂತ ಜೊತೆಯಲ್ಲೇ ಹೋಗಿ ಹೆದರುವುದು ವಾಸಿ ಎಂದು ಹೊರಟಿದ್ದೆ.

ವಾರವೆಲ್ಲ ನಾವಿಬ್ಬರೂ ಒಂದೇ ಹವಾಮಾನ ಮುನ್ಸೂಚನೆ ನೋಡಿದ್ದೆವು. ನಾನು ನೋಡಿದ್ದು ಮಳೆ, ಅವರು ನೋಡಿದ್ದು ಗಾಳಿ. ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕು. ಗಾಳಿ ನಮ್ಮ ಮುಖಕ್ಕೆ ಬೀಸುತ್ತಿದ್ದರೆ ನಮ್ಮ ವಾಸನೆ ಅದಕ್ಕೆ ತಲುಪುವುದಿಲ್ಲ. ಹಾಗಾಗಿ ಯಾವ ಕಡೆಯಿಂದ ಬೆಟ್ಟ ಹತ್ತಬೇಕೆಂದು ಗಾಳಿ ನೋಡಿಯೇ ತೀರ್ಮಾನಿಸಬೇಕಂತೆ.

ಬೆಳಗ್ಗೆ ಹೊರಡುವ ಮೊದಲು ಅಡುಗೆಮನೆಯಲ್ಲಿ ನಾನು ಓದಿ ಹೇಳಿದ್ದೆ. “ರೀ, ಮೂರು ಗಂಟೆ ಮೇಲೆ ಮಳೆ ಅಂತೆ. ಮಳೆ ಹಿಂದೇನೇ ಉತ್ತರದಿಂದ ಗಾಳಿ ಅಂತೆ.”

“ಮೂರಕ್ಕೆ ನಾವು ಕಾರಲ್ಲಿರ್ತೀವಿ ಶೈಲಾ. ಅಲ್ಲೀವರೆಗೂ ಪಶ್ಚಿಮದ್ದೇ ಗಾಳಿ. ಹೋಗ್ತಾ ಮುಖಕ್ಕೆ, ಬರ್ತಾ ಬೆನ್ನಿಗೆ. ಇಷ್ಟು ಸಲೀಸಾದ ದಿನ ಮತ್ತೆ ಸಿಗಲ್ಲ” ಎಂದಿದ್ದರು.

ವಿಕ್ಲೋ ಬೆಟ್ಟಗಳ ಬುಡಕ್ಕೆ ಒಂದೂವರೆ ಗಂಟೆ ಹಿಡಿಯಿತು. ರಿಂಗ್ ರಸ್ತೆಯ ಟೋಲನ್ನು ಆಮೇಲೆ ಆನ್‌ಲೈನಿನಲ್ಲಿ ಕಟ್ಟಬೇಕು, ಮರೆಯಬೇಡಿ ಎಂದು ದಾರಿಯುದ್ದಕ್ಕೂ ಅವರಿಗೆ ನೆನಪಿಸಿದೆ. ಕಾರು ನಿಲ್ಲಿಸಿದ್ದು ಮೈಕಲ್ ಎಂಬ ಕುರಿ ಸಾಕಣೆಗಾರನ ಅಂಗಳದಲ್ಲಿ. ಅವನ ಹುಲ್ಲನ್ನೆಲ್ಲ ಜಿಂಕೆಗಳು ಮೇದು ಮುಗಿಸುತ್ತಿದ್ದವು. ಒಂದಷ್ಟನ್ನು ಕಡಿಮೆ ಮಾಡಿಕೊಟ್ಟರೆ ಸಾಕೆಂದು ತನ್ನ ಜಮೀನಿನಲ್ಲಿ ಬೇಟೆಗೆ ಅವನೇ ಒಪ್ಪಿಗೆ ಕೊಟ್ಟಿದ್ದ. ಮಳೆ ಬರುತ್ತದೆಯೇ ಎಂದು ಕೇಳಿದೆ. ಅವನು ಬೆಟ್ಟದ ಕಡೆ ಒಮ್ಮೆ ನೋಡಿ, “ಗ್ರ್ಯಾಂಡ್, ಗ್ರ್ಯಾಂಡ್” ಎಂದ. ಎಲ್ಲ ಚೆನ್ನಾಗಿದೆ ಅನ್ನಲು ಈ ಊರಿನಲ್ಲಿ ಹೀಗೆನ್ನುತ್ತಾರೆ. ಕಾಲು ಮುರಿದವರೂ ಹಾಗೇ ಹೇಳುವುದನ್ನು ವಾರ್ಡಿನಲ್ಲಿ ಕೇಳಿದ್ದೇನೆ. ನನಗೆ ಧೈರ್ಯವೇನೂ ಬರಲಿಲ್ಲ.

ಪೊನ್ನಪ್ಪ ನನ್ನ ಫೋನನ್ನು ಕಾರಿನಲ್ಲೇ ಬಿಡಿಸಿದರು. “ನಿಮ್ಮಮ್ಮ ಸರಿಯಾಗಿ ಅದೇ ಟೈಮಿಗೆ ಫೋನ್ ಮಾಡ್ತಾರೆ, ಜಿಂಕೆ ಓಡೋಗುತ್ತೆ.” ಅದು ತಮಾಷೆಯಾಗಿರಲಿಲ್ಲ. ಅಮ್ಮ ಮಾಡುತ್ತಿದ್ದುದು ಹಾಗೆಯೇ.

ಬೇಲಿ ದಾಟಿ ಹತ್ತತೊಡಗಿದೆವು. ಮೇಲೆ ಮರವಿಲ್ಲ, ದಾರಿಯಿಲ್ಲ. ಕಣ್ಣು ಹಾಯುವಷ್ಟು ದೂರ ನೀರು ಕುಡಿದ ಜೌಗು ನೆಲ, ನೇರಳೆ ಬಣ್ಣದ ಕುರುಚಲು ಹೂವು. ಮುಖಕ್ಕೆ ಪಶ್ಚಿಮದ ಗಾಳಿ. ಒಂದು ಬಂಡೆಯ ಮರೆಯಲ್ಲಿ ಪೊನ್ನಪ್ಪ ನನ್ನ ತೋಳು ಹಿಡಿದು ಕೂರಿಸಿ ಬೈನಾಕ್ಯುಲರ್ ಕೊಟ್ಟರು. ಎದುರಿನ ತಗ್ಗಿನಲ್ಲಿ ಆರೇಳು ಹೆಣ್ಣು ಜಿಂಕೆಗಳು, ನಡುವೆ ನಮ್ಮ ಕಾಡಿನ ಕಡವೆಯಷ್ಟೇ ದೊಡ್ಡ ಗಂಡು. ಕೊಂಬಿಗೆ ಇನ್ನೂ ಮಖಮಲ್ಲಿನಂಥ ತೊಗಲು ಅಂಟಿಕೊಂಡಿತ್ತು. ಅವು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

“ನೋಡಿದ್ಯಾ, ಮುನ್ಸೂಚನೆ ಅಂದ್ರೆ ಇದು” ಎಂದು ಪಿಸುಗುಟ್ಟಿದರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಅಲ್ಲೇ ಪುಳಿಯೋಗರೆ ತಿಂದೆವು. ಡಬ್ಬಿ ಮುಚ್ಚುವಷ್ಟರಲ್ಲಿ ಮಂಜು ಬಂತು. ಜಿಂಕೆಗಳಿದ್ದ ತಗ್ಗು ಮೊದಲು ಮಾಯವಾಯಿತು, ಆಮೇಲೆ ಎದುರಿನ ಬಂಡೆ, ಕಡೆಗೆ ನನ್ನದೇ ಬೂಟು ಸರಿಯಾಗಿ ಕಾಣದಂತಾಯಿತು. ಹಿಂದೆಯೇ ಮಳೆ. ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ. ಪೊನ್ನಪ್ಪ ಫೋನ್ ತೆಗೆದರು. ಬೆಳಗ್ಗಿನಿಂದ ಹವಾಮಾನದ ಆ್ಯಪಿನಲ್ಲಿ ಗಾಳಿಯ ಬಾಣಗಳನ್ನೂ ಮಳೆಯ ರೇಡಾರನ್ನೂ ನೋಡಿ ನೋಡಿ ಬ್ಯಾಟರಿ ಮುಗಿದಿತ್ತು. ದಿಕ್ಸೂಚಿಯೂ ಅದರೊಳಗೇ ಇತ್ತು.

ನನ್ನ ಫೋನ್ ಕಾರಿನಲ್ಲಿದೆಯಲ್ಲ, ಈಗೇನು ಗತಿ ಎಂದೆ. ಅವರು ಮಾತ್ರ ನಿಶ್ಚಿಂತೆಯಿಂದ, “ಫೋನ್ ಯಾಕೆ? ಮುಖಕ್ಕೆ ಗಾಳಿ ಇಟ್ಕೊಂಡು ಬಂದ್ವಿ, ಬೆನ್ನಿಗೆ ಇಟ್ಕೊಂಡು ಹೋದ್ರೆ ಕಾರೇ ಸಿಗುತ್ತೆ” ಎಂದರು.

ಕೇಳಿದರೆ ಸರಿಯೇ ಅನಿಸುತ್ತಿತ್ತು. ಅವರ ಚೀಲದ ಪಟ್ಟಿ ಹಿಡಿದು ಹಿಂದೆಯೇ ನಡೆದೆ. ಗಾಳಿ ಜೋರಾಗಿತ್ತು, ಮೊದಲಿಗಿಂತ ತಣ್ಣಗಿತ್ತು. ನೆಲ ಹತ್ತುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಬರುವಾಗ ದಾಟಿದ್ದ ಬೇಲಿ ಎಷ್ಟು ನಡೆದರೂ ಸಿಗಲಿಲ್ಲ. ಬೇಲಿ ಎಲ್ಲಿ ಎಂದು ಕೇಳಿದೆ. ಇನ್ನು ಸ್ವಲ್ಪ ಎಂದರು. ಮತ್ತೆ ಕೇಳಿದೆ. ಅವರು ಇನ್ನಷ್ಟು ಬಿರುಸಾಗಿ ಹೆಜ್ಜೆ ಹಾಕಿದರು. ಅವರಿಗೂ ಹೆದರಿಕೆಯಾಗಿದೆ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಹೆದರುವುದು ನನ್ನೊಬ್ಬಳ ಕೆಲಸವಾಗಿತ್ತು.

ಆಗ ಎದುರಿಗೆ, ತೀರಾ ಹತ್ತಿರದಲ್ಲಿ, ನಾಯಿ ಒಮ್ಮೆ ಬೊಗಳಿದಂತೆ ಒರಟು ಸದ್ದು. ಕೂಗಿದ್ದು ಹೆಣ್ಣು ಜಿಂಕೆ. ಬೆನ್ನ ಹಿಂದಿನ ಗಾಳಿ ನಮ್ಮ ವಾಸನೆಯನ್ನು ನೇರ ಅದರ ಮೂಗಿಗೆ ಒಯ್ದಿತ್ತು. ಗೊರಸುಗಳು ದಡದಡ ಸದ್ದು ಮಾಡಿದವು. ಅವು ಮುಂದಕ್ಕೆ ಓಡಲಿಲ್ಲ, ಎಡಕ್ಕೆ ಹೊರಳಿ ಓಡಿದವು. ಯಾವುದೋ ಕಾಲಿಗೆ ಸಿಕ್ಕ ಕಲ್ಲೊಂದು ಉರುಳಿತು. ಉರುಳಿದ ಸದ್ದು ಕೇಳಿತು, ನಿಂತ ಸದ್ದು ಕೇಳಲಿಲ್ಲ. ಕಿವಿಗೊಟ್ಟೆ. ಬಹಳ ಕೆಳಗಿನಿಂದ, ನೀರಿಗೆ ಏನೋ ಬಿದ್ದ ಸಣ್ಣ ಸದ್ದು ಬಂತು.

ಪೊನ್ನಪ್ಪ ಇನ್ನೊಂದು ಹೆಜ್ಜೆಗೆ ಕಾಲೆತ್ತಿದ್ದರು. ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿದೆ.

“ಕೂತ್ಕೋ! ಕದಲಿದ್ಯೋ ನೋಡು! ಗಾಳಿ ತಿರುಗಿದೆ ಕಣೋ, ಇದು ಉತ್ತರದ ಗಾಳಿ!”

ಮದುವೆಯಾದ ಮೇಲೆ ಅವರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವರು ಕೂತರು. ಬೆಳಗ್ಗೆ ನಾನೇ ಓದಿ ಹೇಳಿದ್ದ ಮಾತು ನನಗೂ ಆಗಲೇ ನೆನಪಾದದ್ದು. ಮಳೆ ಬೇಗ ಬಂದಿತ್ತು, ಅದರ ಹಿಂದಿನ ಗಾಳಿಯೂ ಬೇಗ ಬಂದಿತ್ತು. ಕಾರು ಇದ್ದದ್ದು ಪೂರ್ವಕ್ಕೆ, ನಾವು ನಡೆದದ್ದು ದಕ್ಷಿಣಕ್ಕೆ.

ಒದ್ದೆ ಹುಲ್ಲಿನ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತೆವು. ಅವರ ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಯಲ್ಲಿ ನಡುಗುವುದು ನಿಂತರೆ ಅಪಾಯ ಎಂದು ನರ್ಸಾದ ನನಗೆ ಗೊತ್ತಿದ್ದುದರಿಂದ ಅವರು ನಡುಗುತ್ತಿದ್ದಷ್ಟು ಹೊತ್ತೂ ದೇವರಿಗೆ ಕೈ ಮುಗಿದೆ. ಉಳಿದ ಕಾಫಿಯನ್ನೆಲ್ಲ ಅವರಿಗೇ ಕುಡಿಸಿದೆ. ಎಷ್ಟು ಹೊತ್ತಾಯಿತೋ, ಮಂಜು ಒಂದು ಕಡೆಯಿಂದ ಹರಿಯತೊಡಗಿತು. ನಮ್ಮ ಮುಂದೆ ನಾಲ್ಕೈದು ಮಾರು ಹುಲ್ಲು, ಆಮೇಲೆ ಏನೂ ಇಲ್ಲ. ತುಂಬಾ ಕೆಳಗೆ ಕಪ್ಪು ಕೆರೆ. ಅಂಚಿನ ಕೆಸರಿನಲ್ಲಿ ಗೊರಸಿನ ಗುರುತುಗಳು ಎಡಕ್ಕೆ ತಿರುಗಿದ್ದವು. ಪೊನ್ನಪ್ಪ ಅವನ್ನೇ ನೋಡುತ್ತಾ ಕೂತರು. ವಾರವೆಲ್ಲ ಅವರು ಲೆಕ್ಕ ಹಾಕಿದ್ದು ಜಿಂಕೆಗೆ ನಮ್ಮ ವಾಸನೆ ಸಿಗದಿರಲಿ ಎಂದು. ಸಿಕ್ಕಿದ್ದರಿಂದಲೇ ನಾವು ಉಳಿದಿದ್ದೆವು.

ಸೂರ್ಯ ನೋಡಿಕೊಂಡು ಬೇಲಿ ಹುಡುಕಿ, ಸಂಜೆಗೆ ಮೈಕಲ್‌ನ ಅಂಗಳ ಮುಟ್ಟಿದೆವು. ಅವನ ಹೆಂಡತಿ ಕೊಟ್ಟ ಟೀ ಲೋಟವನ್ನು ಪೊನ್ನಪ್ಪ ಎರಡೂ ಕೈಯಲ್ಲಿ ಹಿಡಿದು ಬೆರಳು ಕಾಯಿಸಿಕೊಳ್ಳುತ್ತಿದ್ದರು.

ಮೈಕಲ್ ಹತ್ತಿರ ಬಂದು ಕೇಳಿದ. “ಏನಾದರೂ ಕಾಣಿಸಿತಾ? ಎಲ್ಲಿವೆ ಅವು?”

ಬಂಡೆ, ಬಂಡೆಯೆದುರಿನ ತಗ್ಗು, ಆ ದೊಡ್ಡ ಗಂಡು, ಎಲ್ಲವನ್ನೂ ಬೆರಳಿಟ್ಟು ತೋರಿಸಬಹುದಿತ್ತು. ಪೊನ್ನಪ್ಪ ನನ್ನ ಮುಖ ನೋಡಿದರು. ಮತ್ತೆ ಬೆಟ್ಟ ನೋಡಿದರು. ಮಂಜು ತೊಳೆದು ಹೋಗಿ ಬೆಟ್ಟ ಬೆಳಗ್ಗಿನಷ್ಟೇ ಶುಭ್ರವಾಗಿ ನಿಂತಿತ್ತು.

“ಇಲ್ಲ. ಆ ಕಡೆ ಒಂದೂ ಇಲ್ಲ” ಎಂದರು.