ಬೇರು ತೊಳೆದ ಕ್ರೋಟನ್

ಹೊನ್ನಾಳಿಯ ಬಾಡಿಗೆ ಮನೆಯಿಂದ ನಮ್ಮನ್ನು ಹೊರಹಾಕಿದ್ದರ ಪೆಟ್ಟು ಬಿದ್ದದ್ದು ನನ್ನ ಅವ್ವನ ಮೇಲೆ. ಮನೆ ಮಾಲೀಕರಿಗೆ ತಿಂಗಳೊಳಗೆ ಬೇರೆ ಬಾಡಿಗೆದಾರರು ಸಿಕ್ಕರು. ಅಪ್ಪನ ನೌಕರಿ ಅಪ್ಪನಿಗೆ ಉಳಿಯಿತು. ನನಗೆ ಬೇರೆ ಶಾಲೆ ಸಿಕ್ಕಿತು. ಅವ್ವ ಮಾತ್ರ ಆಮೇಲೆ ಯಾವ ಡಬ್ಬದಲ್ಲೂ ಒಂದು ಗಿಡ ನೆಡಲಿಲ್ಲ. ಒಬ್ಬ ಹೆಂಗಸು ಗಿಡ ನೆಡುವುದನ್ನು ಬಿಟ್ಟಳೆಂಬುದನ್ನು ಯಾವ ಪೊಲೀಸ್ ಠಾಣೆಯೂ ದೂರೆಂದು ಬರೆದುಕೊಳ್ಳುವುದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಅವ್ವ ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಅವಳ ತವರಿನವರದು ಊರಾಚೆಯ ಕೇರಿ. ಅಲ್ಲಿ ಅಂಗಳವೆಂಬುದು ಇರಲಿಲ್ಲ, ಊರ ಬಾವಿಯಿಂದ ನೀರು ಸೇದುವ ಹಕ್ಕೂ ಇರಲಿಲ್ಲ. ಬೇರೆಯವರ ಹೊಲದಲ್ಲಿ ಜೋಳ, ಶೇಂಗಾ ಬೆಳೆದ ಅವಳ ಕೈಗಳು ತಮಗಾಗಿ ಒಂದು ಹೂವಿನ ಗಿಡವನ್ನೂ ಬೆಳೆದಿರಲಿಲ್ಲ. ಅಪ್ಪ ಓದಿ ಗುಮಾಸ್ತನಾಗಿ ಚನ್ನಗಿರಿಗೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಅಲ್ಲಿ ಸರ್ಕಾರಿ ಮನೆ ಸಿಕ್ಕಿತು, ಮನೆಯ ಮುಂದೆ ಗಾರೆಯ ಕಟ್ಟೆ ಇತ್ತು. ಅವ್ವನ ತೋಟ ಆ ಕಟ್ಟೆಯ ಮೇಲೆ ಹುಟ್ಟಿತು.

ಖಾಲಿಯಾದ ಎಣ್ಣೆ ಡಬ್ಬಗಳನ್ನು ಬೋರಲು ಹಾಕಿ, ದಪ್ಪ ಮೊಳೆಯನ್ನು ಗುಂಡುಕಲ್ಲಿನಿಂದ ಹೊಡೆದು ತಳಕ್ಕೆ ಐದೈದು ತೂತು ಮಾಡುವಳು. ತೂತಿನ ಮೇಲೆ ಹೆಂಚಿನ ಚೂರು, ಅದರ ಮೇಲೆ ಮರಳು, ಆಮೇಲೆ ಮಣ್ಣು. ಹೊರಗಡೆಗೆ ಕೆಮ್ಮಣ್ಣು ಬಳಿದು ಸುಣ್ಣದ ಚುಕ್ಕೆ ಇಡುವಳು. ಸೂಳೆಕೆರೆಯ ಕಡೆಯಿಂದ ಮೀನು ಮಾರಲು ಬರುತ್ತಿದ್ದ ಹೆಂಗಸು ಬುಟ್ಟಿಯ ತಳದಲ್ಲಿ ಕೆರೆಯ ಗೋಡು, ಅಂದರೆ ಕೆರೆಯ ತಳದ ಹೂಳುಮಣ್ಣು, ತಂದುಕೊಡುತ್ತಿದ್ದಳು. ಬದಲಿಗೆ ಮುಡಿಗೊಂದು ಡೇರೆ ಹೂ ಕಿತ್ತುಕೊಂಡು ಹೋಗುತ್ತಿದ್ದಳು. ಟೇಬಲ್ ರೋಸ್, ಕರ್ಣಕುಂಡಲ, ಡೇರೆ ಎಲ್ಲವೂ ಇದ್ದವು. ಅವ್ವನ ಜೀವವಿದ್ದದ್ದು ಮಾತ್ರ ಒಂದು ಕ್ರೋಟನ್ನಿನ ಮೇಲೆ. ಪ್ರವಾಸಿ ಮಂದಿರದ ಮಾಲಿ ಕೊಟ್ಟ ಗೇಣುದ್ದದ ಕಡ್ಡಿಯನ್ನು ಅವಳು ಎರಡು ವರ್ಷದಲ್ಲಿ ನನ್ನ ಎದೆಮಟ್ಟಕ್ಕೆ ಬೆಳೆಸಿದ್ದಳು. ಹಸಿರೆಲೆಯ ಮೇಲೆ ಯಾರೋ ಅರಿಶಿನದ ನೀರು ಚಿಮುಕಿಸಿದ ಹಾಗೆ ಹಳದಿ.

ಅಪ್ಪನಿಗೆ ಹೊನ್ನಾಳಿಗೆ ವರ್ಗವಾದಾಗ ನಾನು ನಾಲ್ಕನೇ ತರಗತಿ. ಲಾರಿಗೆ ಸಾಮಾನು ಏರಿಸುವಾಗ ಅವ್ವ ಹದಿನಾರು ಡಬ್ಬಗಳನ್ನೂ ಸಾಲಾಗಿ ನಿಲ್ಲಿಸಿದಳು.

"ಅಲ್ಲವೇ, ಮಣ್ಣು ಹೊತ್ಕೊಂಡು ಊರಿಂದೂರಿಗೆ ಹೋಗೋರುನ್ನ ಎಲ್ಲಾದ್ರೂ ನೋಡೀಯಾ? ಹೊನ್ನಾಳ್ಯಾಗೆ ಮಣ್ಣಿಲ್ಲೇನು?" ಎಂದು ಅಪ್ಪ ರೇಗಿಸಿದರು.

"ಐತೆ. ಆದ್ರೆ ಗಿಡಕ್ಕೆ ಅದು ಗೊತ್ತಿಲ್ಲಲ್ಲ. ಮಣ್ಣು ಬಿಡಿಸಿ ಒಯ್ದರೆ ಗಾಬರಿ ಆಗ್ತಾವೆ. ಬೇಕಾದ್ರೆ ನಿಮ್ಮ ಕಬ್ಬಿಣದ ಕುರ್ಚಿ ಇಲ್ಲೇ ಬಿಟ್ಟು ಬರ್ರಿ," ಅಂದಳು ಅವ್ವ. ಕುರ್ಚಿ ಚನ್ನಗಿರಿಯಲ್ಲೇ ಉಳಿಯಿತು.

ಹೊನ್ನಾಳಿಯಲ್ಲಿ ಸರ್ಕಾರಿ ಮನೆ ಇರಲಿಲ್ಲ. ಹಾಗಾಗಿ ಊರೊಳಗಿನ ಒಂದು ಬೀದಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಮಾಲೀಕರು ಪಕ್ಕದ ಮನೆಯಲ್ಲೇ ಇದ್ದರು; ನಡುವೆ ಸೊಂಟದೆತ್ತರದ ಗೋಡೆ. ಮಾಲೀಕರ ಹೆಂಡತಿ ಲಾರಿಯಿಂದ ಇಳಿಯುತ್ತಿದ್ದ ಡಬ್ಬಗಳನ್ನು ನೋಡಿ ಗಂಡನಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು: "ಇಷ್ಟು ಗಿಡ ಇಟ್ಕೊಂಡೋರು ಒಳ್ಳೆ ಜನಾನೇ ಇರ್ತಾರೆ ಬಿಡ್ರಿ." ಅಷ್ಟಕ್ಕೇ ನಮ್ಮ ವಿಚಾರಣೆ ಮುಗಿಯಿತು. ನಮ್ಮನ್ನು ಯಾವ ಜಾತಿಯೆಂದು ಯಾರೂ ಕೇಳಲಿಲ್ಲ. ಅಪ್ಪ ಆ ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದ ಮಾತು ಇಷ್ಟೇ: "ಕೇಳಿದ್ರೆ ಸುಳ್ಳು ಹೇಳಬ್ಯಾಡ. ಕೇಳದಿದ್ರೆ ಹೇಳಬ್ಯಾಡ." ಮಗುವಿಗೆ ಇಂಥ ಪಾಠ ಹೇಳಿಕೊಡಬೇಕಾದ ಸ್ಥಿತಿಗೆ ತಂದೆಯೊಬ್ಬನನ್ನು ನೂಕಿದ ಸಮಾಜವನ್ನು ನಾನು ಕ್ಷಮಿಸಿಲ್ಲ. ಆ ಪಾಠ ಹೇಳಿದ ಅಪ್ಪನನ್ನು ಕ್ಷಮಿಸಲು ನನಗೆ ಬಹಳ ವರ್ಷ ಹಿಡಿಯಿತು.

ಒಂದು ವರ್ಷ ಸುಖವಾಗಿತ್ತು. ಸಂಜೆಯಾದರೆ ಮಾಲೀಕರ ಹೆಂಡತಿ ಗೋಡೆಗೆ ಮೊಣಕೈ ಊರಿ ನಿಲ್ಲುತ್ತಿದ್ದರು.

"ಏನ್ರೀ, ಕೈಗೆ ಏನು ಮದ್ದು ಹಚ್ಕೊಂಡೀರಿ? ನಮ್ಮನ್ಯಾಗೆ ಹುಲ್ಲೂ ಸರಿಯಾಗಿ ಬರಲ್ಲ."

"ಮದ್ದು ಎಲ್ಲೀದು ಅಕ್ಕಾರೆ, ಅಕ್ಕಿ ತೊಳೆದ ನೀರು ಅಷ್ಟೇ. ನೀವು ದಿನಾ ಬೇರು ಬಂತಾ ಅಂತ ಕಿತ್ತು ಕಿತ್ತು ನೋಡ್ತೀರಿ. ಮಗೂನ ಎಬ್ಬಿಸಿ ಎಬ್ಬಿಸಿ ನಿದ್ದೆ ಬಂತಾ ಅಂತ ಕೇಳಿದಂಗೆ."

ಇಬ್ಬರೂ ನಗುತ್ತಿದ್ದರು. ಅವ್ವ ಕ್ರೋಟನ್ನಿನಿಂದ ಒಂದು ಕಡ್ಡಿ ಕತ್ತರಿಸಿ, ನೆರಳಲ್ಲಿಟ್ಟು ಬೇರು ಬರಿಸಿ, ಹೊಸದೊಂದು ಡಬ್ಬದ ಸಮೇತ ಅವರಿಗೆ ಕೊಟ್ಟಳು. ಆ ಡಬ್ಬದಲ್ಲಿದ್ದದ್ದು ತುಂಗಭದ್ರೆಯ ದಡದ ಮೆಕ್ಕಲು, ಚನ್ನಗಿರಿಯಿಂದ ಬಂದ ಕೆರೆಗೋಡು, ತವರಿಗೆ ಹೋದಾಗ ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಸೊಕ್ಕೆಯ ಕೆಂಪು ಮಣ್ಣು. ಅವಳು ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಮಿಶ್ರಣ ಅದು.

ಐದನೇ ತರಗತಿಯಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ವಿದ್ಯಾರ್ಥಿವೇತನದ ಪಟ್ಟಿ ಹಿಡಿದು ಬಂದರು. ಹೆಸರು ಕರೆದು ಒಬ್ಬೊಬ್ಬರನ್ನೇ ಹೊರಗೆ ಕರೆಸಿಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. "ಎಸ್ಸಿ ಹುಡುಗ್ರು ಎದ್ದು ನಿಂತ್ಕಳ್ರಿ, ಎಣಿಸ್ಬೇಕು," ಅಂದರು. ನಾನು ಎದ್ದು ನಿಂತೆ. ಕೇಳಿದಾಗ ಸುಳ್ಳು ಹೇಳಬಾರದೆಂದು ನನಗೆ ಕಲಿಸಲಾಗಿತ್ತು. ನನ್ನ ಪಕ್ಕ ಕೂತಿದ್ದವಳು ಮಾಲೀಕರ ಮಗಳು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಸ್ಲೇಟನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಳು. ಅವಳೂ ಮಗುವೇ, ಅವಳ ಮೇಲೆ ನನಗೆ ದೂರಿಲ್ಲ. ಹಕ್ಕಾಗಿ ಬರಬೇಕಾದ್ದನ್ನು ಮಕ್ಕಳನ್ನು ನಿಲ್ಲಿಸಿ ಎಣಿಸಿ ಕೊಟ್ಟ ಪದ್ಧತಿಯ ಮೇಲಿದೆ.

ಆ ಸಂಜೆ ಗೋಡೆಯ ಬಳಿ ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ ನೀರು ಸುರಿಯುವ ಸದ್ದಿಗೆ ಅವ್ವ ಹೊರಗೆ ಬಂದಳು, ನಾನು ಅವಳ ಹಿಂದೆ. ಗೋಡೆಯಾಚೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ಹೆಂಗಸು ಕ್ರೋಟನ್ನನ್ನು ಡಬ್ಬದಿಂದ ಕಿತ್ತು ಮಲಗಿಸಿಕೊಂಡಿದ್ದರು. ಮಗಳು ಚೊಂಬಿನಿಂದ ನೀರು ಸುರಿಯುತ್ತಿದ್ದಳು, ತಾಯಿ ಬೇರುಗಳನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ತೊಳೆಯುತ್ತಿದ್ದರು. ಮಣ್ಣೆಲ್ಲ ಕೆಂಪಗೆ ಚರಂಡಿಗೆ ಹರಿಯುತ್ತಿತ್ತು.

ನನಗೆ ಅರ್ಥವಾಯಿತು. ಅವ್ವನಿಗೆ ಆಗಲಿಲ್ಲ. ಶಾಲೆಯಲ್ಲಿ ನಡೆದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ.

"ಅಯ್ಯೋ ಅಕ್ಕಾರೆ, ಬೇರಿಗೆ ಹುಳ ಬಿದ್ದಾವೇನು? ಹಂಗೆ ತೊಳೀಬ್ಯಾಡ್ರಿ, ಎಳೇ ಬೇರು ಹರೀತಾವೆ! ತಡೀರಿ, ನಾ ಹೊಸಾ ಮಣ್ಣು ಕೊಡ್ತೀನಿ."

ಓಡಿಹೋಗಿ, ಬಿಸಿಲಿಗೆ ಒಣಗಿಸಿ ಜರಡಿ ಹಿಡಿದಿಟ್ಟಿದ್ದ ಮಣ್ಣನ್ನು ಮೊರದ ತುಂಬ ತಂದು ಗೋಡೆಯ ಮೇಲಿಂದ ಚಾಚಿದಳು. ಆ ಹೆಂಗಸು ಎದ್ದು ಎರಡು ಹೆಜ್ಜೆ ಹಿಂದೆ ಸರಿದರು.

"ಹುಳ ಇಲ್ಲ. ನಿನ್ನ ಮಣ್ಣು ನಮಗೆ ಬ್ಯಾಡ. ಗೋಡೆ ಮೇಲೆ ಕೈ ಇಡಬ್ಯಾಡ, ತೆಗಿ."

ಹಿಂದಿನ ದಿನದವರೆಗೂ ಬಹುವಚನದಲ್ಲಿ ಮಾತಾಡಿಸಿದ್ದ ಬಾಯಿ ಅದು. ಅವ್ವ ಕೈ ತೆಗೆದಳು. ಮೊರ ಅಲುಗಿ ಸ್ವಲ್ಪ ಮಣ್ಣು ಗೋಡೆಯ ಮೇಲೆ ಚೆಲ್ಲಿತು. ಅದರ ಮೇಲೂ ಒಂದು ಚೊಂಬು ನೀರು ಬಿತ್ತು. ಗಿಡವನ್ನು ಮಾತ್ರ ಅವರು ಬಿಸಾಡಲಿಲ್ಲ. ಚೆಂದದ ಎಲೆಯಲ್ಲವೇ? ಹೊಸ ಕುಂಡ, ಹೊಸ ಮಣ್ಣು ಹಾಕಿ ಅವರ ಜಗಲಿಯ ಮೇಲೇ ಇಟ್ಟುಕೊಂಡರು.

ಎರಡು ದಿನಕ್ಕೆ ಮಾಲೀಕರು ಅಪ್ಪನನ್ನು ಕರೆದು, ತಮ್ಮ ಬರುತ್ತಾನೆ, ಮನೆ ಬೇಕು ಅಂದರು. ಕಾರಣ ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅಪ್ಪ ವಾದಿಸದೆ ಕಚೇರಿಯಲ್ಲಿ ಹೇಳಿಕೊಂಡರು. ಕಚೇರಿಯ ಮೇಲಿನವರು "ಹೊಂದ್ಕೊಂಡು ಹೋಗಿ" ಎಂದು ಉಪದೇಶಿಸಿದರು. ಹೊಂದಿಕೊಳ್ಳಲು ನಮಗೆ ಬಿಟ್ಟಿದ್ದ ಜಾಗ ಯಾವುದೆಂದು ಅವರು ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಅವ್ವ ಹಿತ್ತಲಿನಲ್ಲಿ ಹದಿನಾರು ಡಬ್ಬಗಳನ್ನೂ ಒಂದೊಂದಾಗಿ ಮಗುಚಿದಳು. ಎದೆಮಟ್ಟದ ತಾಯಿಗಿಡವನ್ನೂ ಬಿಡಲಿಲ್ಲ. ನಾನು ಅಳುತ್ತಾ ಶಾಲೆಯ ವಿಷಯ ಹೇಳಿದೆ, ನಾನು ನಿಂತದ್ದಕ್ಕೇ ಹೀಗಾಯಿತು ಅಂದೆ. ಅವ್ವ ಮಣ್ಣಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು.

"ನೀ ನಿಂತಿದ್ದು ತಪ್ಪಲ್ಲ ಕಣವ್ವ. ನಾನೇ ದಡ್ಡಿ. ಹುಳ ಅನ್ಕೊಂಡೆ."

ನ್ಯಾಮತಿಯ ಅಂಚಿನ ಕೇರಿಯಲ್ಲಿ ನಮ್ಮವರೇ ಒಂದು ಮನೆ ಕೊಟ್ಟರು. ಅಪ್ಪ ಅಲ್ಲಿಂದ ದಿನಾ ಬಸ್ಸಿನಲ್ಲಿ ಹೊನ್ನಾಳಿಯ ಕಚೇರಿಗೆ ಹೋಗಿಬಂದರು. ಡಬ್ಬಗಳ ತೂತಿಗೆ ಚಿಂದಿ ತುರುಕಿ ಅವ್ವ ಇದ್ದಿಲು ತುಂಬಿಟ್ಟಳು. ಸುಣ್ಣದ ಚುಕ್ಕೆಗಳು ಮಸಿಯ ಕೆಳಗೆ ಮುಚ್ಚಿಹೋದವು.

ಎಂಬತ್ತರ ದಶಕದಲ್ಲಿ ಅಪ್ಪನಿಗೆ ಜಗಳೂರಿಗೆ ವರ್ಗವಾಗಿ, ಅಲ್ಲೇ ಸ್ವಂತ ಮನೆಯೂ ಆಯಿತು. ಅಂಗಳವಿತ್ತು, ನಲ್ಲಿ ಇತ್ತು. ನಾನು ಕಾಲೇಜಿನಲ್ಲಿ ಘೋಷಣೆ ಕೂಗುವುದನ್ನು ಕಲಿತಿದ್ದೆ. ಒಂದು ಕ್ರೋಟನ್ ತಂದು ಅವ್ವನ ಮುಂದಿಟ್ಟೆ, ಅದೂ ಒಂದು ಹೋರಾಟವೆಂಬಂತೆ. "ಇಡು. ನೀನೇ ನೀರು ಹಾಕ್ಕೋ," ಅಂದಳು. ನಾನು ಸಭೆಗಳಿಗೆ ಅಲೆಯುತ್ತಿದ್ದೆ, ಗಿಡ ಒಣಗಿತು. ಅವಳು ದಿನವೂ ಅದರ ಪಕ್ಕದಲ್ಲೇ ಪಾತ್ರೆ ತೊಳೆದಳು, ಒಂದು ಹನಿ ಅತ್ತ ಹಾಯಿಸಲಿಲ್ಲ.

ಅಂಥದೇ ಒಂದು ಸಭೆಗೆ ಹೊನ್ನಾಳಿಗೆ ಹೋದಾಗ ಆ ಬೀದಿಯಲ್ಲಿ ನಡೆದುಹೋದೆ. ಗಿಡ ಬದುಕಿತ್ತು. ಗೋಡೆಗಿಂತ ಎತ್ತರವಾಗಿತ್ತು. ಅದರ ಕಡ್ಡಿಗಳೇ ಇರಬೇಕು, ಎದುರು ಸಾಲಿನ ಮೂರು ಜಗಲಿಗಳ ಮೇಲೂ ಅದೇ ಹಳದಿ ಚುಕ್ಕೆಯ ಎಲೆಗಳು. ಊರಿಗೆ ಬಂದು ಅವ್ವನಿಗೆ ಸಿಟ್ಟಿನಿಂದಲೇ ಹೇಳಿದೆ. ಅವಳು ಅಕ್ಕಿ ತೊಳೆಯುತ್ತಿದ್ದಳು.

"ಎಲೆ ಮ್ಯಾಲಿನ ಹಳದಿ ಹಂಗೇ ಐತಾ? ಜಗಲಿ ನೆರಳಿಗೆ ಬಣ್ಣ ಹೋಗ್ತೈತೆ. ಬಿಸಿಲು ಬೇಕು ಅದಕ್ಕೆ," ಅಂದಳು. ಆಮೇಲೆ ಅಕ್ಕಿ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲಿದಳು.

ಅವ್ವ ಇನ್ನೂ ಇದ್ದಾಳೆ. ಕಣ್ಣು ಮಂಜಾಗಿದೆ, ಎಲೆಯನ್ನು ಮುಟ್ಟಿ ಗುರುತು ಹಿಡಿಯಬಲ್ಲಳು. ಆದ್ದರಿಂದ ಆ ಮನೆಯವರಿಗೆ, ಅಂದು ಚೊಂಬು ಹಿಡಿದು ಇಂದು ಆ ಮನೆಯ ಹಿರಿಯಳಾಗಿರುವ ನನ್ನ ತರಗತಿಯ ಗೆಳತಿಗೆ, ನಾನು ಕೇಳುವುದು ಇದು. ಪತ್ರದಲ್ಲಿ ಬರುವ ಕ್ಷಮೆ ನಮಗೆ ಬೇಡ. ಆ ಗಿಡದ ಒಂದು ಕಡ್ಡಿಗೆ ಬೇರು ಬರಿಸಿ, ನಿಮ್ಮ ಅಂಗಳದ ಮಣ್ಣಿನ ಸಮೇತ ಜಗಳೂರಿಗೆ ತನ್ನಿ. ಬೇರು ತೊಳೆಯಬೇಡಿ. ಬಾಗಿಲಲ್ಲಿ ಕೆಳಗಿಡಬೇಡಿ. ಒಳಗೆ ಬಂದು, ಅವ್ವನ ಕೈ ಹಿಡಿದು, ಅವಳ ಕೈಗೇ ಕೊಡಿ.