ಬಿಳಿ ಬಾವುಟ ಏಳದ ಮಧ್ಯಾಹ್ನ

ಗಲ್ಫಿನ ಅಲ್ ಬರ್ಷಾದಲ್ಲಿ ನನ್ನ ಮಗಳಿಗೆ ಭೂಗೋಳ ಕಲಿಸುತ್ತಿದ್ದ ಐರಿಷ್ ಮಾಸ್ತರರು ತಮ್ಮೂರಲ್ಲಿ ಗೇಲಿಕ್ ಫುಟ್‌ಬಾಲ್ ಆಡಿ ಹೆಸರಾದವರು. ಇಲ್ಲಿ ಶಾಲೆಗಳ ನಡುವೆ ಆ ಆಟದ ಪಂದ್ಯ ನಡೆಸುವ ಹೊಣೆಯೂ ಅವರದೇ. ಮಾತಾಡುತ್ತಾ ನಿಂತಾಗಲೂ ಕೈಲಿದ್ದ ಡಸ್ಟರನ್ನು ಆ ಆಟದ ಚೆಂಡಿನಂತೆ ಶೂ ತುದಿಗೆ ಬೀಳಿಸಿ, ಚಿಮ್ಮಿಸಿ, ಮತ್ತೆ ಹಿಡಿಯುತ್ತಿದ್ದರು. ಎಲ್ಲದಕ್ಕೂ, ಇಲ್ಲಿಯ ಅರಬ್ಬಿಯ ‘ನಡೀರಿ’ ಬೆರೆಸಿದ ಒಂದೇ ಮಾತು: “ಯಲ್ಲಾ, ಪ್ಲೇ ಆನ್!”

ನಮ್ಮ ಶಾಲೆಯ ಫೈನಲ್‌ಗೆ ಜನ ಸಾಲದೆ, ತಾವೇ ರೆಫರಿಯಾಗಿ, ನನಗೂ ಬಿಳಿ ಕೋಟು ತೊಡಿಸಿ ಗೋಲುಕಂಬದ ಪಕ್ಕ ನಿಲ್ಲಿಸಿದರು. ಚೆಂಡು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾರಿದರೆ ಒಂದು ಪಾಯಿಂಟು. ಆಗ ನಾನು ಬಿಳಿ ಬಾವುಟ ಎತ್ತಬೇಕು. ಆಟ ಮುಗಿಯುವ ಹೊತ್ತಿಗೆ ಎರಡೂ ತಂಡ ಸಮಸಮ. ನನ್ನ ಮಗಳೇ ಒದ್ದಳು. ಚೆಂಡು ಕಂಬದ ಹೊರಗೆ ಹೋಯಿತು. ನಾನು ಬಾವುಟ ಎತ್ತಲಿಲ್ಲ.

“ಎಂತ ಮಾರಾಯ್ರೆ, ಸ್ವಂತ ಮಗಳಿಗೇ ಹೀಗೆ ಮಾಡುದಾ?” ಎಂದು ಪಕ್ಕದ ಫ್ಲ್ಯಾಟಿನವರು ಕೂಗಿದರು. ನಮ್ಮ ಕಡೆಯ ಅಪ್ಪಂದಿರು ಮಾಸ್ತರರನ್ನು ಸುತ್ತುವರಿದರು. “ನಿಮ್ಮದೇ ಶಾಲೆ ಸರ್, ನೀವೊಂದು ಮಾತು ಹೇಳಿದರೆ ಕಪ್ ನಮ್ಮದೇ.”

ಅವರು ನನ್ನತ್ತ ತಿರುಗಿದರು. “ನೀವೇನು ನೋಡಿದಿರಿ, ಮ್ಯಾಡಮ್?”

“ಹೊರಗೆ ಹೋಯ್ತು ಸರ್.”

“ಹಾಗಾದರೆ ಹೊರಗೇ. ಯಲ್ಲಾ, ಪ್ಲೇ ಆನ್!”

ಕೊನೆಯ ನಿಮಿಷದಲ್ಲಿ ಎದುರಿನವರು ಚೆಂಡು ಹಾರಿಸಿ ಒಂದು ಪಾಯಿಂಟಿನಿಂದ ಗೆದ್ದರು.

ಕಾರಿನಲ್ಲಿ ಮಗಳು ನನ್ನತ್ತ ನೋಡದೆ ಕೂತಳು. ಮಾಸ್ತರರು ಹಳೆಯ ಪೆಟ್ಟಿನ ಮೊಣಕಾಲು ಎಳೆಯುತ್ತಾ ಕಿಟಕಿಗೆ ಬಂದರು. “ಮುಂದಿನ ಸಲವೂ ಕಂಬದ ಪಕ್ಕ ನಿನ್ನ ಅಮ್ಮನೇ ನಿಲ್ಲಬೇಕು. ನಿನ್ನ ಒಪ್ಪಿಗೆ ಇದೆಯಾ?”

ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು. “ಓಕೆ ಸರ್. ಬಟ್ ಅದರ್ ಸೈಡಿನ ಗೋಲಿಗೆ, ಪ್ಲೀಸ್!”

ಅವರು ಕಾರಿನ ಮೇಲೆ ಕೈಯಿಟ್ಟು ನಕ್ಕ ರಭಸಕ್ಕೆ ಅವಳಿಗೂ ನಗು ತಡೆಯಲಾಗಲಿಲ್ಲ.