ಎಡ ಕಿಡ್ನಿಯೋ ಬಲ ಕಿಡ್ನಿಯೋ

ಹಂಗೇರಿಯ ಸೆಗೆಡ್ ಊರಿನ ನಮ್ಮ ಅನುವಾದದ ಕಚೇರಿಯಲ್ಲಿ ಎಟೆಲ್ಕಾ ಇಪ್ಪತ್ತಾರು ವರ್ಷ ಸ್ಕ್ಯಾನ್ ವರದಿಗಳನ್ನು ಹಂಗೇರಿಯನ್ನಿನಿಂದ ಇಂಗ್ಲಿಷಿಗೆ ತಂದಳು. ಅಚ್ಚಾದ ಯಾವ ಮಾತನ್ನೂ ಆಕೆ ನಂಬುತ್ತಿರಲಿಲ್ಲ.

"ಗಂಡನ ಮೇಲಾದ್ರೂ ನಂಬಿಕೆ ಇದೆಯೇನೇ?" ಎಂದು ನಾನು ಕೆಣಕುತ್ತಿದ್ದೆ.

"ಬಾಯ್ಮಾತಿಗೆ ಪರವಾಗಿಲ್ಲ. ಬರೆದುಕೊಟ್ರೆ ನೋಡ್ಬೇಕು," ಅನ್ನುತ್ತಿದ್ದಳು.

ಒಮ್ಮೆ ಆಪರೇಷನ್ನಿಗೆಂದು ಡಬ್ಲಿನ್ನಿಗೆ ಹೊರಟಿದ್ದ ಗಾರೆ ಕೆಲಸದ ಆರ್ಪಾಡ್ ತನ್ನ ವರದಿ ತಂದ. ಮೊದಲ ಪುಟದಲ್ಲಿ ಗೆಡ್ಡೆ ಬಲ ಕಿಡ್ನಿಯಲ್ಲಿತ್ತು. ಕೊನೆಯ ಸಾಲಿನಲ್ಲಿ 'ಬಲ್' ಎಂದಿತ್ತು. ಹಂಗೇರಿಯನ್ನಿನಲ್ಲಿ ಹಾಗೆಂದರೆ ಎಡ. ಎಟೆಲ್ಕಾ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದಳು.

"ಮೊದಲ್ನೇ ಪುಟದ್ದು ಟೈಪಿಂಗ್ ತಪ್ಪಮ್ಮ. ಎಡ ಅಂತಲೇ ಬರೀರಿ," ಎಂದರು ಡಾಕ್ಟರು.

"ಚಿತ್ರ ನೋಡಿ ಹೇಳ್ತಿದ್ದೀರಾ, ಡಾಕ್ಟ್ರೇ?"

"ನೀವು ಅನುವಾದ ಮಾಡ್ತೀರೋ, ಪೊಲೀಸ್ ಕೆಲಸ ಮಾಡ್ತೀರೋ?"

"ಎರಡೂ. ನೀವು ನೋಡೋವರೆಗೂ ಫೋನ್ ಇಡಲ್ಲ."

ಆ ಕಡೆ ಕೀಬೋರ್ಡ್ ಒತ್ತುವ ಸದ್ದು ಕೇಳಿಸಿತು. ಆಮೇಲೆ ಅವರು ಮೆಲ್ಲಗೆ, "ಬಲಗಡೆ," ಎಂದರು.

ಆಕೆ ಅದಕ್ಕೂ ಜಗ್ಗಲಿಲ್ಲ. ತಿದ್ದಿದ ವರದಿ ಸಹಿಯೊಂದಿಗೆ ಬಂದ ಮೇಲೆಯೇ ಅನುವಾದಕ್ಕೆ ಕೂತಳು.

ಆರ್ಪಾಡ್ ಗುಣವಾಗಿ ಮರಳಿದವನು ಆಕೆಗೆಂದು ಮನೆಯಲ್ಲೇ ಇಳಿಸಿದ ಪ್ಲಮ್ ಬ್ರಾಂಡಿ ತಂದ. ಎಟೆಲ್ಕಾ ಬಾಟಲಿಯತ್ತ ತಿರುಗಿಯೂ ನೋಡಲಿಲ್ಲ.

"ಮೊದ್ಲು ಅಂಗಿ ಎತ್ತಪ್ಪ, ನೋಡೋಣ," ಎಂದಳು.

ಹೊಲಿಗೆಯ ಗುರುತು ಬಲಗಡೆಯೇ ಇತ್ತು.